ಹಗೇವಿನ ಹೆಸರು, ಒಗ್ಗರಣೆ ಡಬ್ಬಿಯ ಕೆಲಸ: ಕ್ಯಾಶ್ ಮೆಮೊರಿ ಮೂರು ಹಂತವಾದ ಕಥೆ

ಕಳೆದ ಮಳೆಗಾಲದಲ್ಲಿ ಬೇರೊಂದು ಸುದ್ದಿಗೆಂದು ತಾಲ್ಲೂಕು ಕೇಂದ್ರದ ಕಂಪ್ಯೂಟರ್ ತರಬೇತಿ ಕೇಂದ್ರವೊಂದಕ್ಕೆ ಹೋಗಿದ್ದೆವು. ನಾವು ಹೋದ ಹೊತ್ತಿಗೆ ಹಾರ್ಡ್‌ವೇರ್ ಪಾಠ ನಡೆಯುತ್ತಿತ್ತು. ಬೋರ್ಡಿನ ಮೇಲೆ ಒಂದು ತ್ರಿಕೋನ. ತುದಿಯಲ್ಲಿ ಎಲ್1, ಅದರ ಕೆಳಗೆ ಎಲ್2, ಅದರ ಕೆಳಗೆ ಎಲ್3, ಬುಡದಲ್ಲಿ ರ್ಯಾಮ್. 'ಮೇಲೆ ಹೋದಂತೆ ವೇಗ ಜಾಸ್ತಿ, ಜಾಗ ಕಮ್ಮಿ' ಎಂದು ಮೇಷ್ಟ್ರು ಬರೆಸುತ್ತಿದ್ದರು. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, "ಸಾರ್, ಮೂರ್ಯಾಕೆ ಸಾರ್? ಒಂದೇ ದೊಡ್ಡದಾಗಿ ಮಾಡಿದ್ರೆ ಆಗಲ್ವಾ?" ಎಂದ. ಮೇಷ್ಟ್ರು ನಕ್ಕು, "ಅದು ಪರೀಕ್ಷೆಗೆ ಬರಲ್ಲ, ಬರ್ಕೊಳಪ್ಪ" ಎಂದರು.

ಹೋದ ಕೆಲಸ ಅರ್ಧಂಬರ್ಧ ಮುಗಿಯಿತು. ಹುಡುಗನ ಪ್ರಶ್ನೆ ಮಾತ್ರ ನಮ್ಮ ಜೊತೆ ಬಸ್ ಹತ್ತಿತು. ಆಮೇಲೆ ಓದುತ್ತ ಹೋದಾಗ ತಿಳಿದದ್ದು ಇಷ್ಟು. ಯಾರೂ ಒಂದು ದಿನ ಕುಳಿತು 'ಕ್ಯಾಶ್ ಮೂರು ಹಂತ ಇರಲಿ' ಎಂದು ತೀರ್ಮಾನ ಮಾಡಿದ್ದಲ್ಲ. ಸುಮಾರು ನಲವತ್ತು ವರ್ಷಗಳಲ್ಲಿ, ಒಂದೊಂದು ಕಾಲದ ಒಂದೊಂದು ಇಕ್ಕಟ್ಟಿಗೆ ಒಂದೊಂದು ಹಂತ ಸೇರಿಕೊಂಡಿತು. ಇದು ಗೊತ್ತಿಲ್ಲದೆ ದುಡ್ಡು ಕಳೆದುಕೊಂಡವರೂ ಬಹಳ ಜನ. ಅವರ ಕಥೆಯೂ ಮುಂದೆ ಬರುತ್ತದೆ.

ಮೊದಲೇ ಒಂದು ಮಾತು. ಈ ಕ್ಯಾಶ್‌ಗೂ ಜೇಬಿನಲ್ಲಿರುವ ಕ್ಯಾಶ್‌ಗೂ ಸಂಬಂಧವಿಲ್ಲ. ಉಚ್ಚಾರ ಒಂದೇ, ಇಂಗ್ಲಿಷಿನಲ್ಲಿ ಬರೆಯುವ ಅಕ್ಷರ ಬೇರೆ. ಆ ಹೆಸರು ಎಲ್ಲಿಂದ ಬಂತು ಎಂಬುದು ನಮ್ಮ ಹಳ್ಳಿಯವರಿಗೆ ಬೇಗ ಅರ್ಥವಾಗುವಂಥದ್ದು. ಅದನ್ನು ಅದರ ಜಾಗದಲ್ಲೇ ಹೇಳುತ್ತೇವೆ.

ಅಡುಗೆಮನೆ ನೆನೆಸಿಕೊಳ್ಳಿ. ಒಲೆ ಪಕ್ಕ ಒಗ್ಗರಣೆ ಡಬ್ಬಿ. ಸಾಸಿವೆ, ಜೀರಿಗೆ, ಅರಿಶಿನ ಕೈ ಚಾಚಿದರೆ ಸಿಗುತ್ತವೆ. ಅದರಲ್ಲಿ ಮುಗಿದರೆ ಗೋಡೆಯ ಕಪಾಟು. ಅಲ್ಲಿಲ್ಲದಿದ್ದರೆ ಅಟ್ಟ. ಅಟ್ಟದಲ್ಲೂ ಇಲ್ಲದಿದ್ದರೆ ಬೀದಿಯ ಅಂಗಡಿ. ಅಂಗಡಿಯಲ್ಲೂ ಇಲ್ಲದಿದ್ದರೆ ತಾಲ್ಲೂಕಿನ ಸಂತೆ. ಕಂಪ್ಯೂಟರಿನಲ್ಲಿ ಅಡುಗೆ ಮಾಡುವುದು ಪ್ರೊಸೆಸರ್. ಒಗ್ಗರಣೆ ಡಬ್ಬಿಯೇ ಎಲ್1, ಕಪಾಟು ಎಲ್2, ಅಟ್ಟ ಎಲ್3, ಬೀದಿಯ ಅಂಗಡಿ ರ್ಯಾಮ್, ಸಂತೆ ಎಂದರೆ ಹಾರ್ಡ್‌ಡಿಸ್ಕ್.

ಎಷ್ಟು ದೂರ? ಎಲ್1ನಿಂದ ತರಲು ಹಿಡಿಯುವ ಸಮಯ ಸುಮಾರು ಒಂದು ನ್ಯಾನೋಸೆಕೆಂಡ್, ಅಂದರೆ ಸೆಕೆಂಡಿನ ನೂರು ಕೋಟಿಯಲ್ಲಿ ಒಂದು ಪಾಲು. ಅದನ್ನು ಒಂದು ಸೆಕೆಂಡ್ ಎಂದು ಹಿಗ್ಗಿಸಿ ನೋಡೋಣ. ಆಗ ಎಲ್2ಗೆ ಹೋಗಿ ಬರಲು ಮೂರು ಸೆಕೆಂಡ್, ಎಲ್3ಗೆ ಹತ್ತು ಸೆಕೆಂಡಿನ ಆಸುಪಾಸು, ರ್ಯಾಮಿಗೆ ಒಂದೂವರೆ ನಿಮಿಷ. ಹಳೆಯ ತಿರುಗುವ ಹಾರ್ಡ್‌ಡಿಸ್ಕಿಗೆ ಹೋಗಿ ಬರಲು ನೂರು ದಿನಕ್ಕೂ ಹೆಚ್ಚು. ರಾಗಿ ಬಿತ್ತಿ, ಕಳೆ ತೆಗೆದು, ಕೊಯ್ಯುವಷ್ಟು ಕಾಲ. ಅಷ್ಟು ಹೊತ್ತು ಒಲೆ ಉರಿಯುತ್ತಲೇ ಇರಬೇಕು, ಬಾಣಲೆ ಖಾಲಿ!

ದೊಡ್ಡ ಮೆಮೊರಿ ವೇಗವಾಗಿರುವುದಿಲ್ಲ, ವೇಗದ ಮೆಮೊರಿ ದೊಡ್ಡದಾಗಿರಲು ಆಗುವುದಿಲ್ಲ ಎಂಬ ತೊಡಕು ಕಂಪ್ಯೂಟರಿನಷ್ಟೇ ಹಳೆಯದು. 1946ರಲ್ಲಿ ಅಮೆರಿಕದಲ್ಲಿ ಆರ್ಥರ್ ಬರ್ಕ್ಸ್, ಹರ್ಮನ್ ಗೋಲ್ಡ್‌ಸ್ಟೈನ್, ಜಾನ್ ವಾನ್ ನಾಯ್ಮನ್ ಎಂಬ ಮೂವರು ಹೊಸ ಬಗೆಯ ಕಂಪ್ಯೂಟರಿಗೆ ನಕ್ಷೆ ಬರೆದರು. ಎಲ್ಲವನ್ನೂ ಕೂಡಲೇ ಕೊಡುವ ದೊಡ್ಡ ಮೆಮೊರಿ ಕಟ್ಟಲು ಆಗದು, ಹಾಗಾಗಿ ಚಿಕ್ಕದು-ವೇಗದ್ದು, ದೊಡ್ಡದು-ನಿಧಾನದ್ದು ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಇಡಬೇಕಾದೀತು ಎಂದು ಅದರಲ್ಲೇ ಒಪ್ಪಿಕೊಂಡಿದ್ದರು. ಕ್ಯಾಶ್ ಎಂಬ ಹೆಸರು ಹುಟ್ಟಲು ಇನ್ನೂ ಇಪ್ಪತ್ತು ವರ್ಷಕ್ಕೂ ಹೆಚ್ಚು ಬಾಕಿ ಇತ್ತು.

ಆ ಕಾಲದ ಮೆಮೊರಿ ಹೇಗಿತ್ತು ಎಂದರೆ ಇವತ್ತಿನವರು ನಂಬುವುದು ಕಷ್ಟ. ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಮಾರಿಸ್ ವಿಲ್ಕ್ಸ್ ಎಂಬ ವಿಜ್ಞಾನಿ ಕಟ್ಟಿದ ಎಡ್‌ಸ್ಯಾಕ್ ಕಂಪ್ಯೂಟರ್ 1949ರ ಮೇ 6ರಂದು ಮೊದಲ ಸಲ ಲೆಕ್ಕ ಮಾಡಿತು. ಅದರ ಮೆಮೊರಿ ಎಂದರೆ ಪಾದರಸ ತುಂಬಿದ, ಸುಮಾರು ಐದು ಅಡಿ ಉದ್ದದ ಕೊಳವೆಗಳು. ಒಂದು ತುದಿಯಿಂದ ಶಬ್ದದ ಅಲೆಯಾಗಿ ಅಂಕಿಯನ್ನು ಕಳಿಸುವುದು, ಇನ್ನೊಂದು ತುದಿಯಲ್ಲಿ ಹಿಡಿದು ಮತ್ತೆ ಮೊದಲ ತುದಿಗೆ ಕಳಿಸುವುದು. ಅಂಕಿ ಹೀಗೆ ಸುತ್ತುತ್ತಲೇ ಇರುತ್ತದೆ. ಬೇಕಾದ ಅಂಕಿ ತುದಿಗೆ ಬರುವ ತನಕ ಯಂತ್ರ ಕಾಯಬೇಕು. ಊರಿಗೆ ಒಂದೇ ಬಸ್ಸಿದ್ದಾಗ ನಾವು ಕಾದ ಹಾಗೆ. ಈ ಕಾಯುವ ಬಾಧೆಯನ್ನು ಹತ್ತಿರದಿಂದ ಕಂಡ ಇದೇ ವಿಲ್ಕ್ಸ್ ಹದಿನಾರು ವರ್ಷದ ಮೇಲೆ ಮತ್ತೆ ಈ ಕಥೆಯೊಳಗೆ ಬರುತ್ತಾರೆ.

ನಡುವೆ ಮ್ಯಾಂಚೆಸ್ಟರಿನಲ್ಲಿ ಒಂದು ದೊಡ್ಡ ಹೆಜ್ಜೆ ಬಿತ್ತು. ಟಾಮ್ ಕಿಲ್ಬರ್ನ್ ಮತ್ತು ಸಂಗಡಿಗರ ಅಟ್ಲಾಸ್ ಕಂಪ್ಯೂಟರ್ 1962ರ ಡಿಸೆಂಬರಿನಲ್ಲಿ ಉದ್ಘಾಟನೆಯಾಯಿತು. ಅದರಲ್ಲಿ ಸಣ್ಣ ಕಾಂತದ ಉಂಗುರಗಳ ವೇಗದ ಮೆಮೊರಿ 16 ಸಾವಿರ ಪದಗಳಷ್ಟು, ತಿರುಗುವ ಡ್ರಮ್ಮಿನ ನಿಧಾನದ ಮೆಮೊರಿ 96 ಸಾವಿರ ಪದಗಳಷ್ಟು ಇತ್ತು. ಅದಕ್ಕೆ ಮುಂಚೆ ಯಾವುದು ಎಲ್ಲಿರಬೇಕು, ಯಾವಾಗ ಡ್ರಮ್ಮಿನಿಂದ ತರಬೇಕು ಎಂಬುದನ್ನೆಲ್ಲ ಪ್ರೋಗ್ರಾಂ ಬರೆಯುವವರೇ ಲೆಕ್ಕ ಹಾಕಿ ಬರೆಯಬೇಕಿತ್ತು. ಅಟ್ಲಾಸ್ ಆ ಕೆಲಸವನ್ನು ತಾನೇ ವಹಿಸಿಕೊಂಡಿತು. ಬರೆಯುವವರಿಗೆ ಎಲ್ಲವೂ ಒಂದೇ ದೊಡ್ಡ ಮೆಮೊರಿಯ ಹಾಗೆ ಕಾಣುತ್ತಿತ್ತು. ಒಳಗಿನ ಓಡಾಟ ಅವರ ಕಣ್ಣಿಗೆ ಬೀಳುತ್ತಿರಲಿಲ್ಲ. 'ಕಣ್ಣಿಗೆ ಬೀಳುತ್ತಿರಲಿಲ್ಲ' ಎಂಬುದನ್ನು ನೆನಪಿಟ್ಟುಕೊಳ್ಳಿ.

1965ರ ಏಪ್ರಿಲ್‌ನಲ್ಲಿ ವಿಲ್ಕ್ಸ್ ಒಂದು ಪುಟ್ಟ ಲೇಖನ ಪ್ರಕಟಿಸಿದರು. ಎರಡೇ ಪುಟದ ಆಸುಪಾಸಿನದು. ದೊಡ್ಡ ನಿಧಾನದ ಮೆಮೊರಿಯ ಪಕ್ಕದಲ್ಲಿ ಚಿಕ್ಕ ವೇಗದ ಮೆಮೊರಿಯೊಂದನ್ನು ಇಡಿ. ದೊಡ್ಡದರಿಂದ ಏನನ್ನು ತಂದರೂ ಅದರ ನಕಲೊಂದು ಚಿಕ್ಕದರಲ್ಲಿ ತಾನಾಗಿಯೇ ಉಳಿಯಲಿ. ಮತ್ತೆ ಅದೇ ಬೇಕಾದಾಗ ದೂರ ಹೋಗಬೇಕಿಲ್ಲ. ಇಷ್ಟೇ ಅವರ ಮಾತು. ಆ ಚಿಕ್ಕ ಮೆಮೊರಿಗೆ ಅವರು ಇಟ್ಟ ಹೆಸರು 'ಸ್ಲೇವ್ ಮೆಮೊರಿ', ಗುಲಾಮ ಮೆಮೊರಿ. ಆ ಹೆಸರು ಉಳಿಯದೆ ಹೋದದ್ದು ಒಳ್ಳೆಯದೇ ಆಯಿತು.

ಇಲ್ಲಿ ಒಂದು ಅನುಮಾನ ಬರಬೇಕು. ಚಿಕ್ಕ ಡಬ್ಬಿಯಲ್ಲಿ ಎಷ್ಟು ತಾನೇ ಹಿಡಿಯುತ್ತದೆ? ಮುಂದೆ ಬೇಕಾಗುವುದು ಅದರಲ್ಲೇ ಇರುತ್ತದೆ ಎಂದು ಏನು ಗ್ಯಾರಂಟಿ? ಗ್ಯಾರಂಟಿ ಇಲ್ಲ, ಆದರೆ ರೂಢಿ ಇದೆ. ನಮ್ಮೂರ ಹಾಲಿನ ಡೈರಿಯ ಲೆಕ್ಕ ತೆಗೆದುಕೊಳ್ಳಿ. ಮುನ್ನೂರು ಸದಸ್ಯರು. ಪ್ರತಿಯೊಬ್ಬರಿಗೂ ಲೀಟರ್ ನೋಡು, ದರದಿಂದ ಗುಣಿಸು, ಹಳೆಯ ಬಾಕಿಗೆ ಕೂಡಿಸು. ಕಂಪ್ಯೂಟರ್ ಮಾಡುವುದು ಇವೇ ನಾಲ್ಕಾರು ಕೆಲಸಗಳನ್ನು ಮುನ್ನೂರು ಸಲ. ಆ ನಾಲ್ಕಾರು ಆದೇಶಗಳೂ ಆ ದಿನದ ದರವೂ ಮೊದಲ ಸದಸ್ಯರಿಗೆ ಒಮ್ಮೆ ದೂರದಿಂದ ಬಂದರೆ ಸಾಕು, ಉಳಿದ 299 ಸಲ ಕೈಯಳತೆಯಲ್ಲೇ ಇರುತ್ತವೆ. ಇನ್ನು ಒಂದನೇ ನಂಬರಿನ ಸದಸ್ಯರ ಲೆಕ್ಕವಾದ ಮೇಲೆ ಬೇಕಾಗುವುದು ಎರಡನೆಯವರದು, ಅದು ಪಕ್ಕದಲ್ಲೇ ಇರುತ್ತದೆ. ಅಂಗಡಿಗೆ ಹೋದವರು ಒಂದು ಚಿಟಿಕೆ ಸಾಸಿವೆ ತರುತ್ತಾರೆಯೇ? ಪೊಟ್ಟಣವನ್ನೇ ತರುತ್ತಾರೆ. ಕ್ಯಾಶ್ ಕೂಡ ಹಾಗೆಯೇ. ಇವತ್ತಿನ ಬಹುಪಾಲು ಪ್ರೊಸೆಸರ್‌ಗಳು ಒಂದು ಬೈಟ್ ಕೇಳಿದರೂ ಅದರ ಅಕ್ಕಪಕ್ಕದ್ದೂ ಸೇರಿ 64 ಬೈಟಿನ ಪೊಟ್ಟಣ ತಂದಿಟ್ಟುಕೊಳ್ಳುತ್ತವೆ.

ಕೆಲಸ ಹೀಗೆ ಒಂದು ಹೊತ್ತಿಗೆ ಕೆಲವೇ ಸಾಮಾನುಗಳ ಸುತ್ತ ತಿರುಗುತ್ತದೆ ಎಂಬುದನ್ನು 1968ರಲ್ಲಿ ಪೀಟರ್ ಡೆನಿಂಗ್ ಶಾಸ್ತ್ರೀಯವಾಗಿ ಬರೆದರು. ಕ್ಯಾಶ್ ನಿಂತಿರುವುದು ಈ ಒಂದು ಗುಣದ ಮೇಲೆ. ಸಾಮಾನನ್ನು ದಿಕ್ಕಾಪಾಲಾಗಿ ಹುಡುಕುವ ಪ್ರೋಗ್ರಾಂ ಬರೆದರೆ ಎಂಥ ಕ್ಯಾಶ್ ಇದ್ದರೂ ಉಪಯೋಗಕ್ಕೆ ಬಾರದು.

ಅದೇ 1968ರಲ್ಲಿ ಐಬಿಎಂ ಕಂಪನಿ ಸಿಸ್ಟಂ 360 ಸಾಲಿನ ಮಾದರಿ 85 ಎಂಬ ದೊಡ್ಡ ಕಂಪ್ಯೂಟರನ್ನು ಘೋಷಿಸಿತು. ವಿಲ್ಕ್ಸ್ ಹೇಳಿದಂಥ ಮೆಮೊರಿ ಮಾರಾಟದ ಯಂತ್ರದೊಳಗೆ ಬಂದದ್ದು ಅಲ್ಲಿ. ಅದರ ಅಳತೆ 16 ಕಿಲೋಬೈಟ್, ಬೇಕೆಂದರೆ 32ರ ತನಕ ಏರಿಸಬಹುದಿತ್ತು. ಈಗ ವಾಟ್ಸಾಪಿನಲ್ಲಿ ಬರುವ ಶುಭೋದಯದ ಚಿತ್ರವೊಂದೂ ಅದರಲ್ಲಿ ಹಿಡಿಯುವುದಿಲ್ಲ! ಆದರೆ ಆ ಯಂತ್ರದ ಮುಖ್ಯ ಮೆಮೊರಿಗಿಂತ ಅದು ಹತ್ತು ಪಟ್ಟಿಗೂ ಹೆಚ್ಚು ವೇಗ. ಪ್ರೊಸೆಸರ್ ಕೇಳಿದ್ದರಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಸಲ ಅದರಲ್ಲೇ ಸಿಗುತ್ತಿತ್ತು.

ಈಗ ಹೆಸರಿನ ಕಥೆ. ಯಂತ್ರ ಕಟ್ಟಿದವರು ಅದನ್ನು 'ಹೈ-ಸ್ಪೀಡ್ ಬಫರ್' ಎಂದು ಕರೆಯುತ್ತಿದ್ದರು. ಅದರ ಬಗ್ಗೆ ಐಬಿಎಂನ ಪತ್ರಿಕೆಗೆ ಲೇಖನ ಬಂದಾಗ ಸಂಪಾದಕ ಲೈಲ್ ಜಾನ್ಸನ್ ಅವರಿಗೆ ಆ ಹೆಸರು ಸಪ್ಪೆ ಎನ್ನಿಸಿತು. ಬೇರೆ ಹೆಸರು ಕೇಳಿದರು. ಯಾರಿಗೂ ಹೊಳೆಯದಿದ್ದಾಗ 'ಕ್ಯಾಶ್' ಎಂದು ತಾವೇ ಸೂಚಿಸಿದರು. ಇವತ್ತು ಜಗತ್ತಿನ ಅಷ್ಟೂ ಕಂಪ್ಯೂಟರ್ ಪುಸ್ತಕಗಳಲ್ಲಿರುವ ಪದ ಒಬ್ಬ ಸಂಪಾದಕರ ಮೇಜಿನ ಮೇಲೆ ಹುಟ್ಟಿತು. ವರದಿ ಬರೆದು ಬದುಕುವ ನಮಗೆ ಇದರಲ್ಲಿ ಸ್ವಲ್ಪ ಖುಷಿ ಇದೆ. ಸಂಪಾದಕರು ಶೀರ್ಷಿಕೆ ಬದಲಿಸಿದಾಗಲೆಲ್ಲ ನಾವು ಗೊಣಗುತ್ತೇವೆ, ಒಮ್ಮೊಮ್ಮೆ ಅವರೇ ಸರಿ.

ಆ ಪದ ಫ್ರೆಂಚಿನದು. ಬಚ್ಚಿಡು ಎಂಬ ಅರ್ಥದ ಕ್ರಿಯಾಪದದಿಂದ ಬಂದದ್ದು. ಕೆನಡಾದ ಕಾಡುಗಳಲ್ಲಿ ತುಪ್ಪಳಕ್ಕಾಗಿ ಬೇಟೆಯಾಡುತ್ತಿದ್ದ ಫ್ರೆಂಚ್ ಮಾತಿನ ಜನ ತಮ್ಮ ದಿನಸಿಯನ್ನೂ ಸರಕನ್ನೂ ಗುಂಡಿ ತೋಡಿ ಮುಚ್ಚಿಟ್ಟು ಹೋಗುತ್ತಿದ್ದರು. ವಾಪಸು ಬರುವಾಗ ತೆಗೆದುಕೊಳ್ಳುತ್ತಿದ್ದರು. ಆ ಗುಂಡಿಗೆ ಅವರು ಹೇಳುತ್ತಿದ್ದದ್ದು ಕ್ಯಾಶ್. ಇದನ್ನು ಓದಿದಾಗ ನಮಗೆ ತಟ್ಟನೆ ನೆನಪಾದದ್ದು ಹಗೇವು. ರಾಗಿ ಸೀಮೆಯ ಹಿರಿಯರನ್ನು ಕೇಳಿ. ನೆಲದಲ್ಲಿ ಗುಂಡಿ ತೋಡಿ, ಒಳಗೆ ಹುಲ್ಲು ಹಾಸಿ, ರಾಗಿ ತುಂಬಿ, ಬಾಯಿಗೆ ಚಪ್ಪಡಿ ಎಳೆದು ಮಣ್ಣು ಮೆತ್ತುತ್ತಿದ್ದರು. ಮೇಲೆ ನಿಂತವರಿಗೆ ಕೆಳಗೆ ಕಾಳಿದೆ ಎಂಬುದೇ ಗೊತ್ತಾಗುತ್ತಿರಲಿಲ್ಲ. ಕಂಪ್ಯೂಟರಿನ ಕ್ಯಾಶ್ ಕೂಡ ಪ್ರೋಗ್ರಾಂ ಬರೆಯುವವರ ಕಣ್ಣಿಗೆ ಕಾಣುವುದಿಲ್ಲ. ಅವರು 'ಮೆಮೊರಿಯಿಂದ ತಾ' ಎನ್ನುತ್ತಾರೆ, ಎಲ್ಲಿಂದ ಬಂತು ಎಂಬುದು ಅವರಿಗೆ ತಿಳಿಯದು. ಹಾಗಾಗಿ ಬಚ್ಚಿಟ್ಟದ್ದು ಎಂಬ ಹೆಸರು ಒಪ್ಪುತ್ತದೆ. ಒಂದೇ ತಮಾಷೆ ಎಂದರೆ, ಹಗೇವನ್ನು ವರ್ಷಕ್ಕೆ ಒಂದೋ ಎರಡೋ ಸಲ ತೆಗೆಯುತ್ತಾರೆ, ಕ್ಯಾಶನ್ನು ಸೆಕೆಂಡಿಗೆ ಕೋಟಿಗಟ್ಟಲೆ ಸಲ. ಹೆಸರು ಹಗೇವಿನದು, ಕೆಲಸ ಒಗ್ಗರಣೆ ಡಬ್ಬಿಯದು.

ಇದೆಲ್ಲ ಕೋಣೆಯಷ್ಟು ದೊಡ್ಡ ಯಂತ್ರಗಳ ಮಾತಾಯಿತು. ಮೇಜಿನ ಮೇಲೆ ಕೂರುವ ಕಂಪ್ಯೂಟರ್ ಬಂದಾಗ ಮೊದಮೊದಲು ಕ್ಯಾಶ್ ಬೇಕಾಗಲೇ ಇಲ್ಲ. 1981ರ ಐಬಿಎಂ ಪಿಸಿಯ ಪ್ರೊಸೆಸರ್ 4.77 ಮೆಗಾಹರ್ಟ್ಜ್‌ನದು. ಅದು ಮೆಮೊರಿಯಿಂದ ಒಂದು ಸಲ ತರಲು ಎಂಟುನೂರು ನ್ಯಾನೋಸೆಕೆಂಡಿಗಿಂತ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತಿತ್ತು. ಆ ಹೊತ್ತಿಗೆ ಮೆಮೊರಿ ಚಿಪ್ ತನ್ನ ಕೆಲಸ ಮುಗಿಸಿ ಕಾಯುತ್ತಿತ್ತು. ಅಡುಗೆಯವರೇ ನಿಧಾನವಾದರೆ ಅಂಗಡಿ ಎಷ್ಟು ದೂರವಿದ್ದರೇನು?

1985ರಲ್ಲಿ ಇಂಟೆಲ್ ಕಂಪನಿಯ 386 ಬಂತು. ಮುಂದೆ ಅದು 33 ಮೆಗಾಹರ್ಟ್ಜ್ ತಲುಪಿತು. ಈಗ ಅದಕ್ಕೆ ಅರವತ್ತು ನ್ಯಾನೋಸೆಕೆಂಡಿನೊಳಗೆ ಸಾಮಾನು ಬೇಕು, ಮಾರುಕಟ್ಟೆಯ ಸಾಮಾನ್ಯ ರ್ಯಾಮ್ ಚಿಪ್ಪಿಗೆ ಎಂಬತ್ತರ ಆಸುಪಾಸು ಬೇಕು. ಪ್ರೊಸೆಸರ್ ಸುಮ್ಮನೆ ಕಾಯಲು ಶುರುಮಾಡಿತು. ಆಗ ಮದರ್‌ಬೋರ್ಡ್ ಮಾಡುವವರು ಪ್ರೊಸೆಸರಿನ ಪಕ್ಕದಲ್ಲಿ ಬೇರೆ ಜಾತಿಯ ವೇಗದ ಚಿಪ್ಪುಗಳನ್ನು ಕೂರಿಸಿದರು. 32 ಕಿಲೋಬೈಟೋ 64 ಕಿಲೋಬೈಟೋ. ಮನೆ-ಕಚೇರಿಯ ಕಂಪ್ಯೂಟರಿಗೆ ಕ್ಯಾಶ್ ಬಂದದ್ದು ಹೀಗೆ, ಪ್ರೊಸೆಸರಿನ ಹೊರಗೆ.

ಬೇರೆ ಜಾತಿ ಎಂದೆವಲ್ಲ, ಅದನ್ನು ಎರಡು ಮಾತಿನಲ್ಲಿ ಹೇಳಬೇಕು. ಸಾಮಾನ್ಯ ರ್ಯಾಮ್ ಐಬಿಎಂನ ರಾಬರ್ಟ್ ಡೆನಾರ್ಡ್ ಕಂಡುಹಿಡಿದದ್ದು, 1968ರಲ್ಲಿ ಪೇಟೆಂಟ್ ಸಿಕ್ಕಿತು. ಅದರಲ್ಲಿ ಒಂದು ಬಿಟ್ ಇಡಲು ಒಂದು ಟ್ರಾನ್ಸಿಸ್ಟರ್, ವಿದ್ಯುತ್ ಹಿಡಿದಿಡುವ ಒಂದು ಕೆಪ್ಯಾಸಿಟರ್ ಸಾಕು. ಅಗ್ಗ, ಇಕ್ಕಟ್ಟಿನಲ್ಲಿ ಬಹಳ ಹಿಡಿಯುತ್ತದೆ. ಆದರೆ ತೂತುಬಿದ್ದ ಬಿಂದಿಗೆಯ ಹಾಗೆ ಸೋರುತ್ತದೆ, ಮತ್ತೆ ಮತ್ತೆ ತುಂಬಿಸುತ್ತಲೇ ಇರಬೇಕು. ಕ್ಯಾಶ್ ಮೆಮೊರಿಯಲ್ಲಿ ಒಂದು ಬಿಟ್‌ಗೆ ಸಾಮಾನ್ಯವಾಗಿ ಆರು ಟ್ರಾನ್ಸಿಸ್ಟರ್. ಅದು ಸೋರುವುದಿಲ್ಲ, ಕೇಳಿದ ಕೂಡಲೇ ಕೊಡುತ್ತದೆ, ಆದರೆ ಜಾಗವೂ ದುಡ್ಡೂ ಹೆಚ್ಚು. ಹುಡುಗ ಕೇಳಿದ ಪ್ರಶ್ನೆಗೆ ಅರ್ಧ ಉತ್ತರ ಇಲ್ಲಿದೆ. ಎಲ್ಲವನ್ನೂ ಕ್ಯಾಶೇ ಮಾಡಿದರೆ ಕೊಳ್ಳುವವರು ಇರುವುದಿಲ್ಲ. ದುಡ್ಡನ್ನು ಬದಿಗಿಟ್ಟರೂ, ದೊಡ್ಡದಾದಷ್ಟೂ ಒಳಗಿನ ತಂತಿ ಉದ್ದವಾಗುತ್ತದೆ, ಹುಡುಕುವ ಜಾಗ ಹೆಚ್ಚುತ್ತದೆ, ವೇಗ ಬೀಳುತ್ತದೆ. ಅಟ್ಟದಷ್ಟು ದೊಡ್ಡ ಒಗ್ಗರಣೆ ಡಬ್ಬಿ ಮಾಡಿಸಿದರೆ ಜೀರಿಗೆಗಾಗಿ ಅದರೊಳಗೇ ನಡೆದಾಡಬೇಕು.

ಉಳಿದರ್ಧ ಉತ್ತರ 1989ರಿಂದ ಶುರುವಾಗುತ್ತದೆ. ಆ ವರ್ಷ ಇಂಟೆಲ್ 486 ಬಂತು, ಹನ್ನೆರಡು ಲಕ್ಷ ಟ್ರಾನ್ಸಿಸ್ಟರ್‌ಗಳ ಚಿಪ್. ಅದರೊಳಗೇ 8 ಕಿಲೋಬೈಟ್ ಕ್ಯಾಶ್ ಕೂರಿಸಿದರು. ಒಂದು ಬಿಟ್‌ಗೆ ಆರು ಟ್ರಾನ್ಸಿಸ್ಟರ್ ಎಂದು ಲೆಕ್ಕ ಹಾಕಿ ನೋಡಿ, ಆ ಎಂಟು ಕಿಲೋಬೈಟಿಗೇ ನಾಲ್ಕು ಲಕ್ಷದ ಹತ್ತಿರ ಬೇಕು. ಚಿಪ್ಪಿನ ಮೂರನೇ ಒಂದು ಪಾಲನ್ನು ಡಬ್ಬಿಗೇ ಬಿಟ್ಟುಕೊಟ್ಟ ಹಾಗೆ. ಹಾಗಾದರೆ ಮದರ್‌ಬೋರ್ಡಿನ ಮೇಲಿದ್ದ ಹಳೆಯ ಕ್ಯಾಶ್ ಏನಾಯಿತು? ಅದನ್ನು ಕಿತ್ತು ಹಾಕಲಿಲ್ಲ. ಒಳಗಿನದು ಒಂದನೇ ಹಂತ, ಹೊರಗಿನದು ಎರಡನೇ ಹಂತ ಎಂದರು. ಎಲ್1, ಎಲ್2 ಎಂಬ ಮಾತು ಮೇಜಿನ ಕಂಪ್ಯೂಟರುಗಳಲ್ಲಿ ಬಳಕೆಗೆ ಬಂದದ್ದು ಹೀಗೆ. ಹೊಸ ಸೊಸೆ ಬಂದ ಮೇಲೆ ಹಳಬರು ಒಂದು ಕೋಣೆ ಆಚೆ ಸರಿದ ಹಾಗೆ!

ಹತ್ತು ವರ್ಷದ ಮೇಲೆ ಇದೇ ಮತ್ತೊಮ್ಮೆ ನಡೆಯಿತು. 1999ರಲ್ಲಿ ಎಎಂಡಿ ಕಂಪನಿಯ ಕೆ6-3 ಎಂಬ ಪ್ರೊಸೆಸರ್ ತನ್ನೊಳಗೇ ಎಲ್1 ಜೊತೆಗೆ 256 ಕಿಲೋಬೈಟ್ ಎಲ್2 ಕೂಡ ಇಟ್ಟುಕೊಂಡು ಬಂತು. ಅದನ್ನು ಹಳೆಯ ಮದರ್‌ಬೋರ್ಡಿಗೆ ಸಿಕ್ಕಿಸಿದರೆ, ಆ ಬೋರ್ಡಿನ ಮೇಲೆ ನಿನ್ನೆಯವರೆಗೂ ಎಲ್2 ಆಗಿದ್ದ ಚಿಪ್ಪುಗಳು ಇವತ್ತು ಎಲ್3 ಆದವು. ಚಿಪ್ ಅದೇ, ಜಾಗ ಅದೇ, ನಂಬರ್ ಮಾತ್ರ ಹಿಂದಕ್ಕೆ. ನಂಬರ್ ಹೇಳುವುದು ಚಿಪ್ಪಿನ ಜಾತಿಯನ್ನಲ್ಲ, ಪ್ರೊಸೆಸರಿನಿಂದ ಅದು ಎಷ್ಟನೆಯ ಬಾಗಿಲು ಎಂಬುದನ್ನು. ಈ ಒಂದು ಮಾತನ್ನು ಪಾಠದಲ್ಲಿ ಹೇಳಿದರೆ ಮಕ್ಕಳು ಬಾಯಿಪಾಠ ಮಾಡಬೇಕಾಗಿಲ್ಲ ಎಂದು ನಮಗೆ ಅನ್ನಿಸುತ್ತದೆ.

ಇನ್ನು ದುಡ್ಡು ಕಳೆದುಕೊಂಡವರ ಕಥೆ. 1990ರ ದಶಕದ ನಡುವೆ ಮಾರುಕಟ್ಟೆಗೆ ಬಂದ ಕೆಲವು ಅಗ್ಗದ 486 ಮದರ್‌ಬೋರ್ಡ್‌ಗಳ ಮೇಲೆ ಕ್ಯಾಶ್ ಚಿಪ್ಪುಗಳು ಸಾಲಾಗಿ ಕೂತಿದ್ದವು. ಮೇಲೆ 'ರೈಟ್ ಬ್ಯಾಕ್' ಎಂದು ಅಚ್ಚು ಬೇರೆ. ಅವು ಬರೀ ಪ್ಲಾಸ್ಟಿಕ್ ತುಂಡುಗಳು. ಒಳಗೆ ಏನೂ ಇಲ್ಲ. ಕಾಲುಗಳು ಬೋರ್ಡಿನಲ್ಲಿ ಯಾವ ತಂತಿಗೂ ಸೇರಿಲ್ಲ. ಕಂಪ್ಯೂಟರ್ ಆನ್ ಮಾಡಿದಾಗ ಪರದೆಯ ಮೇಲೆ ಮಾತ್ರ ಇಷ್ಟು ಕಿಲೋಬೈಟ್ ಕ್ಯಾಶ್ ಇದೆ ಎಂದು ಬರುತ್ತಿತ್ತು, ಏಕೆಂದರೆ ಹಾಗೆ ಸುಳ್ಳು ಹೇಳಲು ಬೋರ್ಡಿನ ಒಳಗಿನ ತಂತ್ರಾಂಶವನ್ನೇ ತಿದ್ದಿದ್ದರು. ಕೊಂಡವರಿಗೆ ಯಂತ್ರ ನಡೆಯುತ್ತಿತ್ತು. ಯಾಕೋ ನಿಧಾನ ಎನ್ನಿಸುತ್ತಿತ್ತು, ಅಷ್ಟೆ. ಕಣ್ಣಿಗೆ ಕಾಣದೆ ಕೆಲಸ ಮಾಡುವ ವಸ್ತುವಿನಲ್ಲಿ ಮೋಸ ಮಾಡುವುದು ಎಷ್ಟು ಸುಲಭ ನೋಡಿ.

ಕಂಡುಹಿಡಿದ ಬಗೆ ಸರಳ. ಮೊದಲು ನಾಲ್ಕು ಕಿಲೋಬೈಟಿನಷ್ಟು ಜಾಗವನ್ನು ಪದೇ ಪದೇ ಓದಿಸಿ ಹೊತ್ತು ಅಳೆಯಬೇಕು. ಆಮೇಲೆ ಎಂಟು, ಹದಿನಾರು, ಮೂವತ್ತೆರಡು ಹೀಗೆ ಏರಿಸುತ್ತ ಹೋಗಬೇಕು. ಓದುವ ಜಾಗ ಎಲ್1ಗಿಂತ ದೊಡ್ಡದಾದ ಕೂಡಲೇ ಹೊತ್ತು ಒಂದು ಮೆಟ್ಟಿಲು ಏರುತ್ತದೆ, ಎಲ್2 ಮೀರಿದಾಗ ಇನ್ನೊಂದು ಮೆಟ್ಟಿಲು. ನಕಲಿ ಬೋರ್ಡಿನಲ್ಲಿ ನಡುವಿನ ಮೆಟ್ಟಿಲೇ ಇರುತ್ತಿರಲಿಲ್ಲ. ಎಂಟು ಕಿಲೋಬೈಟ್ ದಾಟಿದ್ದೇ ನೇರ ರ್ಯಾಮಿನ ವೇಗಕ್ಕೆ ಬೀಳುತ್ತಿತ್ತು. ಪರದೆಯ ಮೇಲಿನ ಬರಹವನ್ನು ತಿದ್ದಬಹುದು, ಗಡಿಯಾರವನ್ನು ಒಪ್ಪಿಸುವುದು ಕಷ್ಟ.

ಮೋಸವೇ ಇಲ್ಲದೆ, ಡಬ್ಬದ ಮೇಲೆ ಬರೆದೇ ಮಾರಿದ್ದೂ ಉಂಟು. 1998ರ ಏಪ್ರಿಲ್‌ನಲ್ಲಿ ಇಂಟೆಲ್ ಅಗ್ಗದ ಕಂಪ್ಯೂಟರುಗಳಿಗೆಂದು ಸೆಲೆರಾನ್ ಎಂಬ ಪ್ರೊಸೆಸರ್ ತಂದಿತು. 266 ಮೆಗಾಹರ್ಟ್ಜ್. ಆಗಿನ ದುಬಾರಿ ಪೆಂಟಿಯಂ 2ರಲ್ಲಿ 512 ಕಿಲೋಬೈಟ್ ಎಲ್2 ಇತ್ತು. ಮೊದಲ ಸೆಲೆರಾನ್‌ನಲ್ಲಿ ಎಲ್2 ಇರಲೇ ಇಲ್ಲ. ಜಾಹೀರಾತಿನಲ್ಲಿ ಎದ್ದು ಕಾಣುತ್ತಿದ್ದದ್ದು ಮೆಗಾಹರ್ಟ್ಜ್. ಮನೆಗೆ ತಂದು ಕಚೇರಿ ಕೆಲಸ ಮಾಡಿದವರಿಗೆ ಅಂಗಡಿಗೆ ಓಡಾಡಿ ಸುಸ್ತಾದ ಯಂತ್ರ ಕಂಡಿತು. ಪತ್ರಿಕೆಗಳು ಚೆನ್ನಾಗಿ ಝಾಡಿಸಿದವು.

ನಾಲ್ಕೇ ತಿಂಗಳಿಗೆ, ಆಗಸ್ಟಿನಲ್ಲಿ ಸೆಲೆರಾನ್ 300ಎ ಬಂತು. ಅದರಲ್ಲಿ ಎಲ್2 ಇತ್ತು, ಬರೀ 128 ಕಿಲೋಬೈಟ್. ಪೆಂಟಿಯಂ 2ರ ಕಾಲು ಭಾಗ. ಆದರೆ ಪೆಂಟಿಯಂ 2ರ ಕ್ಯಾಶ್ ಪ್ರೊಸೆಸರಿನ ಹೊರಗೆ ಬೇರೆ ಚಿಪ್ಪುಗಳಲ್ಲಿ ಕೂತು ಪ್ರೊಸೆಸರಿನ ಅರ್ಧ ವೇಗದಲ್ಲಿ ನಡೆಯುತ್ತಿತ್ತು. ಇದು ಅದೇ ಸಿಲಿಕಾನ್ ತುಂಡಿನ ಮೇಲೆ, ಪೂರ್ತಿ ವೇಗದಲ್ಲಿ. ಬಹಳ ಕೆಲಸಗಳಲ್ಲಿ ಈ ಅಗ್ಗದ ಚಿಪ್ ದುಬಾರಿ ಅಣ್ಣನ ಸರಿಸಮ ನಿಂತಿತು. ದೂರದ ಮೂಟೆಗಿಂತ ಕೈಗೆ ಸಿಗುವ ಸೇರು ಮೇಲು ಎಂಬುದು ಇಷ್ಟು ಸ್ಪಷ್ಟವಾಗಿ ಮಾರುಕಟ್ಟೆಯಲ್ಲಿ ಕಂಡದ್ದು ಕಡಿಮೆ. ಮುಂದೆ ಕ್ರಮೇಣ ಎಲ್2 ಚಿಪ್ಪಿನ ಒಳಗೇ ಬಂದು ನೆಲೆಸಿತು, ಬೋರ್ಡಿನ ಮೇಲಿನ ಕ್ಯಾಶ್ ಕಣ್ಮರೆಯಾಯಿತು.

ಅಷ್ಟರಲ್ಲಿ ದೊಡ್ಡ ಚಿಂತೆಯೊಂದು ಬೆಳೆದಿತ್ತು. ಪ್ರೊಸೆಸರಿನ ವೇಗ ವರ್ಷ ವರ್ಷ ಹಾರುತ್ತಿದೆ, ರ್ಯಾಮಿನ ವೇಗ ತೆವಳುತ್ತಿದೆ, ಹೀಗೇ ಹೋದರೆ ಎಷ್ಟೇ ಒಳ್ಳೆಯ ಪ್ರೊಸೆಸರ್ ಮಾಡಿದರೂ ಅದು ಕಾಯುತ್ತಲೇ ಕೂರುತ್ತದೆ ಎಂದು 1995ರಲ್ಲಿ ವುಲ್ಫ್ ಮತ್ತು ಮೆಕ್‌ಕೀ ಎಂಬ ಸಂಶೋಧಕರು ಎಚ್ಚರಿಸಿದ್ದರು. 'ಮೆಮೊರಿ ಗೋಡೆ' ಎಂಬ ಮಾತು ಅವರ ಲೇಖನದಿಂದ ಜನಜನಿತವಾಯಿತು.

ಆಮೇಲೆ ಒಂದೇ ಚಿಪ್ಪಿನಲ್ಲಿ ಎರಡು, ನಾಲ್ಕು, ಆರು ಕೋರ್‌ಗಳು ಬಂದವು. ಒಂದು ಅಡುಗೆಮನೆಯಲ್ಲಿ ನಾಲ್ಕು ಒಲೆ, ನಾಲ್ವರು ಅಡುಗೆಯವರು. ಒಬ್ಬೊಬ್ಬರಿಗೂ ಅವರವರ ಡಬ್ಬಿ, ಅವರವರ ಕಪಾಟು. ಆದರೆ ಒಬ್ಬರು ತಂದ ಎಣ್ಣೆಯನ್ನು ಇನ್ನೊಬ್ಬರು ಮತ್ತೆ ಅಂಗಡಿಯಿಂದ ತರುವುದೇಕೆ? ಎಲ್ಲರಿಗೂ ಸೇರಿದ ಒಂದು ಅಟ್ಟ ಇದ್ದರೆ? ಮನೆ-ಕಚೇರಿಯ ಕಂಪ್ಯೂಟರುಗಳಲ್ಲಿ ಎಲ್3 ನೆಲೆಯೂರಿದ್ದು ಈ ಕಾರಣಕ್ಕೆ. 2008ರ ಕೊನೆಗೆ ಬಂದ ಇಂಟೆಲ್ ಕೋರ್ ಐ7ನಲ್ಲಿ ಒಂದೊಂದು ಕೋರಿಗೂ 64 ಕಿಲೋಬೈಟ್ ಎಲ್1, 256 ಕಿಲೋಬೈಟ್ ಎಲ್2, ನಾಲ್ಕಕ್ಕೂ ಸೇರಿ 8 ಎಂಬಿ ಎಲ್3. ಹುಡುಗ ಬೋರ್ಡಿನ ಮೇಲೆ ಕಂಡ ತ್ರಿಕೋನ ಇದೇ.

ಅದೇ ವರ್ಷದ ಸೆಪ್ಟೆಂಬರಿನಲ್ಲಿ ಸರ್ವರ್‌ಗಳಿಗೆಂದು ಇಂಟೆಲ್ ತಂದ ಕ್ಸಿಯಾನ್ 7400 ಸಾಲಿನ ಚಿಪ್ಪಿನಲ್ಲಿ ಆರು ಕೋರ್, ಅವುಗಳ ನಡುವೆ 16 ಎಂಬಿ ಎಲ್3 ಇತ್ತು. ಅದರ ವಿನ್ಯಾಸ ನಡೆದದ್ದು ನಮ್ಮ ಬೆಂಗಳೂರಿನಲ್ಲಿ, ಆ ಕಂಪನಿಯ ವಿನ್ಯಾಸ ಕೇಂದ್ರದಲ್ಲಿ. ಹೀಗೆ ಹಲವರು ಒಂದೇ ಅಟ್ಟ ಹಂಚಿಕೊಂಡಾಗ ಬರುವ ತಲೆನೋವು ಸಣ್ಣದಲ್ಲ. ಡೈರಿಯ ದರಪಟ್ಟಿಯ ನಕಲು ಇಬ್ಬರ ಬಳಿ ಇದೆ ಎನ್ನಿ. ಒಬ್ಬರು ತಮ್ಮ ನಕಲಿನಲ್ಲಿ ದರ ತಿದ್ದಿದರು. ಇನ್ನೊಬ್ಬರು ಹಳೆಯ ದರದಲ್ಲೇ ದುಡ್ಡು ಕೊಡುತ್ತ ಕೂತರೆ? ಹಾಗಾಗದಂತೆ ಒಂದು ಕೋರ್ ಬರೆದ ಕೂಡಲೇ ಬೇರೆ ಕೋರ್‌ಗಳ ಹಳೆಯ ನಕಲನ್ನು ರದ್ದು ಮಾಡುವ ಏರ್ಪಾಡು ಚಿಪ್ಪಿನೊಳಗೆ ಹಗಲೂ ರಾತ್ರಿ ನಡೆಯುತ್ತಿರುತ್ತದೆ.

ಬಚ್ಚಿಟ್ಟದ್ದು ಎಂಬ ಹೆಸರಿಗೆ ಪೆಟ್ಟು ಬಿದ್ದದ್ದು 2018ರ ಜನವರಿಯಲ್ಲಿ. ಮೆಲ್ಟ್‌ಡೌನ್, ಸ್ಪೆಕ್ಟರ್ ಎಂಬ ಎರಡು ದೋಷಗಳನ್ನು ಗೂಗಲ್‌ನ ಪ್ರಾಜೆಕ್ಟ್ ಝೀರೋ ತಂಡ, ಆಸ್ಟ್ರಿಯಾದ ಗ್ರಾಜ್ ತಾಂತ್ರಿಕ ವಿಶ್ವವಿದ್ಯಾಲಯದವರು ಮತ್ತಿತರ ಸಂಶೋಧಕರು ಬಯಲಿಗಿಟ್ಟರು. ವೇಗದ ಪ್ರೊಸೆಸರುಗಳು ಮುಂದಿನ ಕೆಲಸವನ್ನು ಊಹಿಸಿ ಮುಂಚೆಯೇ ಮಾಡಿಟ್ಟುಕೊಳ್ಳುತ್ತವೆ. ಊಹೆ ತಪ್ಪಾದರೆ ಮಾಡಿದ್ದನ್ನು ಅಳಿಸಿಬಿಡುತ್ತವೆ. ನೆಂಟರು ಬರಬಹುದೆಂದು ಅಟ್ಟದಿಂದ ಅವರೆಕಾಳು ಇಳಿಸಿದ ಹಾಗೆ. ನೆಂಟರು ಬರಲಿಲ್ಲ, ಅಡುಗೆ ನಿಂತಿತು, ಆದರೆ ಕಾಳಿನ ಡಬ್ಬ ಒಲೆಯ ಪಕ್ಕವೇ ಉಳಿಯಿತು. ಪಕ್ಕದ ಮನೆಯವರು ಸಾಲ ಕೇಳುವ ನೆಪದಲ್ಲಿ ಬಂದು, ಯಾವುದು ಬೇಗ ಸಿಕ್ಕಿತು, ಯಾವುದು ತಡವಾಯಿತು ಎಂದು ನೋಡಿಯೇ ಈ ಮನೆಯಲ್ಲಿ ಏನು ನಡೆದಿತ್ತೆಂದು ಹೇಳಬಲ್ಲರು. ಕಂಪ್ಯೂಟರಿನಲ್ಲಿ ಇದೇ ಉಪಾಯದಿಂದ, ಬರೀ ಹೊತ್ತು ಅಳೆದು, ಗುಟ್ಟಾಗಿರಬೇಕಾದ ಪಾಸ್‌ವರ್ಡ್‌ನಂಥವನ್ನು ಓದಬಹುದು ಎಂದು ಅವರು ತೋರಿಸಿದರು. ನಕಲಿ ಕ್ಯಾಶನ್ನು ಹಿಡಿದುಕೊಟ್ಟ ಗಡಿಯಾರವೇ ಇಲ್ಲಿ ಕಳ್ಳನ ಕೈಗೂ ಸಿಕ್ಕಿತ್ತು. ತೇಪೆ ಹಾಕಿದ ಮೇಲೆ ಕೆಲವು ಕೆಲಸಗಳಲ್ಲಿ ಯಂತ್ರಗಳು ನಿಧಾನವೂ ಆದವು.

ಫೋನ್‌ಗಳಲ್ಲೂ ಈ ಭಯವಿತ್ತು, ಅದೂ ದುಬಾರಿ ಫೋನ್‌ಗಳಲ್ಲಿ. ಆಗಿನ ಹಲವು ಅಗ್ಗದ ಫೋನ್‌ಗಳಲ್ಲಿದ್ದ ಕಾರ್ಟೆಕ್ಸ್ ಎ53 ಎಂಬ ಸಾದಾ ಕೋರ್ ಅಷ್ಟು ದೂರ ಊಹೆ ಮಾಡಿ ಕೆಲಸ ಮಾಡುತ್ತಿರಲಿಲ್ಲ, ಹಾಗಾಗಿ ಅದಕ್ಕೆ ಈ ದೋಷ ತಟ್ಟಲಿಲ್ಲ. ಬಡವರ ಫೋನು ಅಷ್ಟರಮಟ್ಟಿಗೆ ಪುಣ್ಯ ಮಾಡಿತ್ತು.

ಫೋನಿನ ಮಾತು ಬಂದದ್ದರಿಂದ ಒಂದು ಗೊಂದಲ ಬಿಡಿಸಿಬಿಡುತ್ತೇವೆ. ಸೆಟ್ಟಿಂಗ್ಸ್ ಒಳಗೆ 'ಕ್ಲಿಯರ್ ಕ್ಯಾಶ್' ಎಂದು ಇರುತ್ತದಲ್ಲ, ಅದು ಪ್ರೊಸೆಸರಿನ ಕ್ಯಾಶ್ ಅಲ್ಲ. ಆ್ಯಪ್‌ಗಳು ಮತ್ತೆ ಮತ್ತೆ ಡೌನ್‌ಲೋಡ್ ಮಾಡುವುದು ತಪ್ಪಲಿ ಎಂದು ಚಿತ್ರ, ಪುಟಗಳ ನಕಲನ್ನು ಫೋನಿನ ಸ್ಟೋರೇಜ್‌ನಲ್ಲಿ ಇಟ್ಟುಕೊಂಡಿರುತ್ತವೆ. ಉಪಾಯ ಅದೇ, ಹೆಸರು ಅದೇ, ಜಾಗ ಬೇರೆ. ಸ್ಟೋರೇಜ್ ತುಂಬಿದ್ದರೆ ಅಳಿಸಿ. ದಿನಾ ಅಳಿಸಿದರೆ ಅದೇ ಚಿತ್ರಕ್ಕೆ ದಿನಾ ಡೇಟಾ ಕೊಡಬೇಕಾಗುತ್ತದೆ.

ಸೆಕೆಂಡ್ ಹ್ಯಾಂಡ್ ಕಂಪ್ಯೂಟರ್ ಕೊಳ್ಳುವವರಿಗೆ ಇಷ್ಟು ಹೇಳಬಹುದು. ಅಂಗಡಿಯವರು ಗಿಗಾಹರ್ಟ್ಜ್ ಹೇಳುತ್ತಾರೆ, ರ್ಯಾಮ್ ಹೇಳುತ್ತಾರೆ. ವಿಂಡೋಸ್ 10 ಅಥವಾ 11 ಇದ್ದರೆ ಟಾಸ್ಕ್ ಮ್ಯಾನೇಜರ್ ತೆರೆಸಿ, ಪರ್ಫಾರ್ಮೆನ್ಸ್ ಒಳಗೆ ಸಿಪಿಯು ಒತ್ತಿಸಿ. ಕೆಳಗೆ ಬಲಗಡೆ ಮೂರೂ ಕ್ಯಾಶ್‌ಗಳ ಅಳತೆ ಬರುತ್ತದೆ. ಒಂದೇ ಬೆಲೆಗೆ ಒಂದೇ ತಲೆಮಾರಿನ ಎರಡು ಯಂತ್ರಗಳಿದ್ದು, ಮಿಕ್ಕಿದ್ದೆಲ್ಲ ಸಮ ಎನ್ನಿಸಿದರೆ ಈ ಸಾಲು ನೋಡಿ. ಬೇರೆ ಬೇರೆ ಕಾಲದ ಯಂತ್ರಗಳನ್ನು ಇದೊಂದರಿಂದಲೇ ತೂಗಬೇಡಿ, ಸೆಲೆರಾನ್ 300ಎ ಕಥೆ ಗೊತ್ತಲ್ಲ. ನಾವು ಸುದ್ದಿ ಟೈಪ್ ಮಾಡುವ ಹಳೆಯ ಯಂತ್ರ ಎಲ್1 128 ಕಿಲೋಬೈಟ್, ಎಲ್2 512 ಕಿಲೋಬೈಟ್, ಎಲ್3 3 ಎಂಬಿ ಎಂದು ತೋರಿಸುತ್ತದೆ.

ಹೋದ ತಿಂಗಳು ಆ ಊರಿನ ಬಸ್ ನಿಲ್ದಾಣದಲ್ಲಿ ಅದೇ ಹುಡುಗ ಸಿಕ್ಕ. ಬಸ್ ತಡವಿತ್ತು. 486, ಕೆ6-3, ನಾಲ್ಕು ಒಲೆ ಎಲ್ಲ ಹೇಳಿ ಮುಗಿಸಿದೆವು. ಕೇಳಿಸಿಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದವನು, "ಹಂಗಾದ್ರೆ ಎಲ್4 ಯಾಕೆ ಬಂದಿಲ್ಲ ಸಾರ್?" ಎಂದ. ಬಂದಿದೆ. 2013ರಲ್ಲಿ ಇಂಟೆಲ್ ಕೆಲವು ಪ್ರೊಸೆಸರುಗಳ ಪಕ್ಕ 128 ಎಂಬಿಯ ಇನ್ನೊಂದು ಚಿಪ್ ಕೂರಿಸಿ ಅದನ್ನು ನಾಲ್ಕನೇ ಹಂತ ಮಾಡಿತ್ತು. ಅದು ಸೋರುವ ಜಾತಿಯ ಮೆಮೊರಿಯೇ, ಹತ್ತಿರ ಇಟ್ಟದ್ದಷ್ಟೇ ವಿಶೇಷ ಎಂದು ಹೇಳುವಷ್ಟರಲ್ಲಿ ಅವನ ಬಸ್ ಬಂತು.